ಮಸ್ಕಿ ಮೀನಿಗೆ ಯಾವ ರಬ್ಬರ್? ಎಳೆದು ಬಿಡುವುದೋ, ಸುಮ್ನೆ ಸುತ್ತುವುದೋ, ನೆಟ್ಟಗೆ ಇಳಿಬಿಡುವುದೋ

ಮೊದಲೇ ಹೇಳಿಬಿಡುತ್ತೇನೆ, ಇದು ರಾಯಚೂರು ಜಿಲ್ಲೆಯ ಮಸ್ಕಿ ಅಲ್ಲ. ಅಲ್ಲಿ ಅಶೋಕನ ಶಾಸನ ಸಿಕ್ಕಿತು, ಇಲ್ಲಿ ಮೀನೇ ಸಿಗುವುದಿಲ್ಲ. ನಾನು ಹೇಳುತ್ತಿರುವುದು ಅಮೆರಿಕದ ಮಿನ್ನೆಸೋಟ, ವಿಸ್ಕಾನ್ಸಿನ್, ಕೆನಡಾದ ಒಂಟಾರಿಯೊ ಕಡೆಯ ಕೆರೆಗಳ ಮಸ್ಕಿ. ಪೂರ್ತಿ ಹೆಸರು ಮಸ್ಕೆಲಂಜ್. ಪೈಕ್ ಕುಟುಂಬದಲ್ಲಿ ಎಲ್ಲಕ್ಕಿಂತ ದೊಡ್ಡದು. ಮೂತಿ ಬಾತುಕೋಳಿಯ ಕೊಕ್ಕಿನ ಹಾಗೆ ಚಪ್ಪಟೆ, ಬಾಯೊಳಗೆ ಮಾತ್ರ ಗರಗಸ. ಹತ್ತು ಸಾವಿರ ಸಲ ಎಸೆದರೆ ಒಂದು ಸಿಗುವ ಮೀನು ಅಂತ ಇಲ್ಲಿನವರು ಹೇಳುತ್ತಾರೆ. ನನ್ನ ಮೊದಲ ಎರಡು ವರ್ಷದ ಲೆಕ್ಕದಲ್ಲಿ ಅದೂ ಕಡಿಮೆಯೇ.

ಮಿನ್ನೆಸೋಟದಲ್ಲಿ ಮಸ್ಕಿ ಸೀಸನ್ ತೆರೆಯುವುದು ಜೂನ್ ತಿಂಗಳ ಮೊದಲ ಶನಿವಾರ. ಮೇ ಮಧ್ಯಕ್ಕೆ ಬಂತು ಅಂದರೆ ನಮ್ಮ ಕನ್ನಡದ ಗೆಳೆಯರಿಂದ ಒಂದೇ ಪ್ರಶ್ನೆ. "ಅಂಗಡಿಗೆ ಹೋದ್ರೆ ಗೋಡೆ ತುಂಬ ರಬ್ಬರ್ ನೇತಾಕಿದ್ದಾರೆ, ಯಾವುದು ತಗೊಳ್ಳಲಿ?" ರಬ್ಬರ್ ಅಂದರೆ ಮೆತ್ತನೆ ಪ್ಲಾಸ್ಟಿಕ್ಕಿನ ಲೂರ್‌ಗಳು, ಮೀನನ್ನು ಮರುಳು ಮಾಡುವ ನಕಲಿ ಎರೆ. ಬುಲ್ ಡಾಗ್, ಮೆಡೂಸಾ, ಟ್ಯೂಬ್, ಪ್ಯಾಡಲ್ ಬಾಲದ್ದು, ಬಾಂಡಿ ಬೇಟ್. ಎಲ್ಲವೂ ಒಂದೇ ಥರ ಲೊಳಲೊಳ ಅನ್ನುತ್ತವೆ, ಆದರೆ ಓಡಿಸುವ ರೀತಿ ಒಂದೊಂದಕ್ಕೂ ಬೇರೆ. ಹಾಗಾಗಿ ಮೊದಲು ನೀವು ಆರಿಸಬೇಕಾದದ್ದು ಓಡಿಸುವ ರೀತಿಯನ್ನು. ಲೂರ್ ಆಮೇಲೆ ತಾನಾಗೇ ಗೊತ್ತಾಗುತ್ತದೆ.

ಕೊಳ್ಳುವ ಮುಂಚೆ ಕೇಳಿಕೊಳ್ಳಬೇಕಾದದ್ದು

ನಾನು ಐದು ವಿಷಯ ನೋಡುತ್ತೇನೆ. ನೀರು ಎಷ್ಟು ಬಿಸಿ ಇದೆ ಅನ್ನುವುದು ಮೊದಲನೆಯದು. ಮಸ್ಕಿಯ ಮೈ ನೀರಿನ ಬಿಸಿಗೆ ತಕ್ಕ ಹಾಗೆ ನಡೆಯುತ್ತದೆ. 70 ಡಿಗ್ರಿ ಫ್ಯಾರನ್‌ಹೀಟ್ ಇದ್ದಾಗ ಅಟ್ಟಿಸಿಕೊಂಡು ಬರುವ ಮೀನು, 45ಕ್ಕೆ ಇಳಿದಾಗ ಮುಂದೆ ಬಿದ್ದದ್ದನ್ನು ಮಾತ್ರ ತಿನ್ನುತ್ತದೆ. ಎರಡನೆಯದು ಆಳ ಮತ್ತು ಗಿಡ. ಇಲ್ಲಿನವರು ಕ್ಯಾಬೇಜ್ ಅನ್ನುವುದು ಕೋಸಿಗಲ್ಲ, ನೀರೊಳಗೆ ಅಗಲ ಎಲೆ ಬಿಡುವ ಒಂದು ಗಿಡಕ್ಕೆ. ಅದರ ಮೇಲೆ ಓಡಿಸುತ್ತೀರೋ, ಅಂಚಿನಲ್ಲೋ, ಗಿಡವೇ ಇಲ್ಲದ ಕಲ್ಲಿನ ಮೇಲೋ?

ಮೂರನೆಯದು ನಿಮ್ಮ ಭುಜ. ನಗಬೇಡಿ, ಇದನ್ನು ಯಾರೂ ಕೇಳಿಕೊಳ್ಳುವುದಿಲ್ಲ. ದಿನಕ್ಕೆ 300 ಸಲ ಎಸೆಯುತ್ತೀರಿ ಅಂದುಕೊಳ್ಳಿ. ವಾರವಿಡೀ ಲ್ಯಾಪ್‌ಟಾಪ್ ಮುಂದೆ ಕೂತ ಮೈ ಶನಿವಾರ ಮಧ್ಯಾಹ್ನ ಮೂರಕ್ಕೂ ಅದನ್ನು ಸರಿಯಾಗಿ ಓಡಿಸಬಲ್ಲದಾ? ನಾಲ್ಕನೆಯದು ಜೇಬು. ಲೂರ್ ಬೆಲೆಗಿಂತ ಆ ಲೂರ್ ಎಂಥ ರಾಡ್ (ಗಾಳದ ಕೋಲು) ಕೇಳುತ್ತದೆ ಅನ್ನುವುದು ದೊಡ್ಡ ಖರ್ಚು. ಐದನೆಯದು ದೋಣಿ. ಇದೆಯೋ, ಇಲ್ಲವೋ, ಇದ್ದರೆ ಎಂಥದ್ದು.

ಎಳೆದು ಬಿಡುವುದು

ಇದು ಬುಲ್ ಡಾಗ್ ತಂದುಕೊಟ್ಟ ಓಟ. ಮಸ್ಕಿ ಇನ್ನೊವೇಶನ್ಸ್ ಕಂಪನಿಯ ಈ ಲೂರ್‌ಗೆ ದಪ್ಪ ತಲೆ, ಉದ್ದದ ಸುರುಳಿ ಬಾಲ. ಸಾಮಾನ್ಯ ಸೈಜು ಸುಮಾರು 9 ಇಂಚು, ತೂಕ 100 ಗ್ರಾಂ ಆಸುಪಾಸು.

ನೋಡುವುದಕ್ಕೆ ಬಹಳ ಸುಲಭ. ಎಸೆಯಿರಿ. ರಾಡಿನ ತುದಿ ನೀರಿನ ಹತ್ತಿರ ಇರಲಿ, ಲೂರ್ ಕಡೆಗೆ ಮುಖ ಮಾಡಿರಲಿ. ಈಗ ಪಕ್ಕಕ್ಕೆ ಎರಡು ಮೂರು ಅಡಿ ಎಳೆಯಿರಿ. ಮೇಲಕ್ಕಲ್ಲ, ಪಕ್ಕಕ್ಕೆ. ಆಮೇಲೆ ತುದಿಯನ್ನು ವಾಪಸ್ ಲೂರ್ ಕಡೆಗೆ ತಂದು, ಸಡಿಲವಾದ ದಾರವನ್ನಷ್ಟೇ ಸುತ್ತಿಕೊಳ್ಳಿ. ಆ ಒಂದೆರಡು ಸೆಕೆಂಡಿನಲ್ಲಿ ಲೂರ್ ತಲೆ ಬಗ್ಗಿಸಿ ಕೆಳಗೆ ಇಳಿಯುತ್ತದೆ, ಬಾಲ ಹಿಂದೆ ಅಲೆಯುತ್ತದೆ. ಏಟು ತಿಂದ ಮೀನು ಇನ್ನೇನು ಸಾಯುತ್ತಿದೆ ಅನ್ನುವ ಹಾಗೆ. ಮಸ್ಕಿ ಕಚ್ಚುವುದು ಹೆಚ್ಚಾಗಿ ಆಗಲೇ.

ಹೊಸಬರು ಎಳೆಯುವುದರಲ್ಲಿ ತಪ್ಪುವುದಿಲ್ಲ, ಬಿಡುವುದರಲ್ಲಿ ತಪ್ಪುತ್ತಾರೆ. ದಾರ ಪೂರ್ತಿ ಬಿಗಿ ಇದ್ದರೆ ಲೂರ್ ಬೀಳುವುದೇ ಇಲ್ಲ, ದೋಣಿಯ ಕಡೆಗೆ ಜಾರುತ್ತದೆ. ಪೂರ್ತಿ ಸಡಿಲ ಬಿಟ್ಟರೆ ಕಚ್ಚಿದ್ದು ಗೊತ್ತಾಗುವುದಿಲ್ಲ. ಎರಡರ ನಡುವಿನ ಆ ಅರೆಬಿಗಿ ಕೈಗೆ ಕೂರಬೇಕು. ನನಗೆ ಕೂರಲು ಒಂದು ಸೀಸನ್ ಹಿಡಿಯಿತು. ಕಚ್ಚಿದ್ದು ಪ್ರತಿ ಸಲ ಧಡ್ ಅಂತ ಬರುವುದಿಲ್ಲ. ಕೆಲವೊಮ್ಮೆ ದಾರ ಪಕ್ಕಕ್ಕೆ ಜರುಗುತ್ತದೆ. ಕೆಲವೊಮ್ಮೆ ಇರಬೇಕಾದ ಭಾರವೇ ಇರುವುದಿಲ್ಲ.

ಬೀಳುವಾಗಲೇ ಕಚ್ಚುತ್ತದೆ ಅನ್ನುವುದನ್ನು ನನಗೆ ಕಲಿಸಿದ್ದು ಅಮ್ಮನ ಫೋನು. ಮಿಲ್ ಲಾಕ್ಸ್ ಕೆರೆ, ಬೆಳಿಗ್ಗೆ ಎಂಟೂವರೆ. ಮೈಸೂರಿನಲ್ಲಿ ಆಗ ಸಂಜೆ ಏಳು, ಅಮ್ಮ ದೀಪ ಹಚ್ಚಿ ಫೋನ್ ಮಾಡುವ ಹೊತ್ತು. ರಾಡನ್ನು ಕಂಕುಳಲ್ಲಿ ಸಿಕ್ಕಿಸಿಕೊಂಡು "ಹೇಳಮ್ಮ" ಅಂದೆ. ನನ್ನ ಲೂರ್ ಅಷ್ಟರಲ್ಲಿ ಇಳಿಯುತ್ತಲೇ ಇತ್ತು. ನೋಡನೋಡುತ್ತ ದಾರ ಎಡಕ್ಕೆ ನಡೆಯತೊಡಗಿತು, ಯಾರೋ ನಾಯಿ ಹಿಡಿದುಕೊಂಡು ವಾಕಿಂಗ್ ಹೋದ ಹಾಗೆ. ಒಂದು ಕೈಯಲ್ಲಿ ಫೋನು, ಒಂದು ಕೈಯಲ್ಲಿ ರಾಡು. ಎಳೆದೆ, ಮೀನು ಒಮ್ಮೆ ಬಾಯಿ ತೆರೆದು ಹೋಯಿತು. ಲೂರ್ ವಾಪಸ್ ಬಂದಾಗ ಎರಡೂ ಪಕ್ಕದಲ್ಲಿ ಬಾಚಣಿಗೆ ಒತ್ತಿದ ಹಾಗೆ ಹಲ್ಲಿನ ಗುರುತು. "ಏನೋ ಅದು ಸದ್ದು?" ಅಂದರು ಅಮ್ಮ. ಹಿಡಿದಿದ್ದರೂ ವಾಪಸ್ ಬಿಡುತ್ತಿದ್ದೆ ಅಂತ ಹೇಳಿದರೆ ಅವರಿಗೆ ಇನ್ನೂ ಅರ್ಥವಾಗುವುದಿಲ್ಲ.

ಆ ಮೀನು ಹೋದದ್ದಕ್ಕೆ ಕಾರಣ ಇದೆ. ಮಸ್ಕಿಯ ಹಲ್ಲು ರಬ್ಬರ್ ಒಳಗೆ ಹೂತುಕೊಳ್ಳುತ್ತದೆ. ಆಗ ಮೀನು ಹಿಡಿದಿರುವುದು ಲೂರನ್ನು, ಕೊಕ್ಕೆ ಇನ್ನೂ ಚುಚ್ಚಿರುವುದಿಲ್ಲ. ಲೂರ್ ಬಾಯೊಳಗೆ ಜರುಗುವಷ್ಟು ಗಟ್ಟಿಯಾಗಿ, ಎರಡೂ ಕೈಯಿಂದ ಪಕ್ಕಕ್ಕೆ ಎಳೆಯಬೇಕು. ಎಳೆಯುತ್ತಲೇ ಸುತ್ತಬೇಕು. ಇದು ಎಲ್ಲ ರಬ್ಬರಿಗೂ ಅನ್ವಯ.

ಯಾವಾಗ ಸರಿ? ಸೀಸನ್ ಶುರುವಿನಿಂದ ಕೊನೆವರೆಗೂ ನಡೆಯುತ್ತದೆ. ಜೂನ್‌ನಲ್ಲಿ ಗಿಡದ ಅಂಚಿನ ಉದ್ದಕ್ಕೂ, ಅಕ್ಟೋಬರ್‌ನಲ್ಲಿ ಕಲ್ಲಿನ ದಿಬ್ಬಗಳ ಮೇಲೆ. ನೀರು ತಣ್ಣಗಾದಷ್ಟೂ ಎಳೆತ ಚಿಕ್ಕದು, ಬಿಡುವು ಉದ್ದ. ಗಿಡದ ನಡುವೆ ಮಾತ್ರ ಬೇಡ. ಪ್ರತಿ ಸಲ ಬಿಟ್ಟಾಗಲೂ ಹೋಗಿ ಗಿಡದಲ್ಲಿ ಮಲಗುತ್ತದೆ. ನೀರು ಆಳ ಇಲ್ಲದ ಕಡೆಗೆ ಅಂತಲೇ ನಿಧಾನವಾಗಿ ಮುಳುಗುವ ಶ್ಯಾಲೋ ಮಾದರಿಯೂ ಬರುತ್ತದೆ.

ಸುಮ್ನೆ ಸುತ್ತುವುದು

ಪ್ಯಾಡಲ್ ಬಾಲದ ರಬ್ಬರಿಗೆ ನೀವು ಏನೂ ಮಾಡಬೇಕಾಗಿಲ್ಲ. ಎಸೆಯಿರಿ, ಬೇಕಾದ ಆಳಕ್ಕೆ ಇಳಿಯಲು ಬಿಡಿ, ಒಂದೇ ವೇಗದಲ್ಲಿ ಸುತ್ತಿ. ಬಾಲದ ತುದಿಯ ಬಿಲ್ಲೆ ನೀರನ್ನು ಬಡಿಯುತ್ತದೆ, ಮೈ ಅತ್ತಿತ್ತ ಓಲಾಡುತ್ತದೆ. ಬಿಡುವು ಇಲ್ಲ, ಲೆಕ್ಕ ಇಲ್ಲ. ನಡುನಡುವೆ ದಾರ ಸುತ್ತುವ ರೀಲಿನ ಹಿಡಿಯನ್ನು ಎರಡು ಸುತ್ತು ಜೋರಾಗಿ ತಿರುಗಿಸಿದರೆ ಹಿಂದೆ ಬರುತ್ತಿರುವ ಮೀನಿಗೆ ಸಿಟ್ಟು ಬರಬಹುದು. ಅಷ್ಟೇ ಕಸುಬು.

ಇದರ ಲಾಭ ಭುಜಕ್ಕೆ. ಎಳೆತ ಇಲ್ಲವಾದ್ದರಿಂದ ದಿನವಿಡೀ ಎಸೆಯಬಹುದು. ದಾರ ಸದಾ ಬಿಗಿ ಇರುವುದರಿಂದ ಕಚ್ಚಿದ್ದು ತಪ್ಪದೆ ಗೊತ್ತಾಗುತ್ತದೆ. ಮೊದಲ ಸಲ ಬಂದವರ ಕೈಗೆ ನಾನು ಕೊಡುವುದು ಇದನ್ನೇ. ಆದರೆ ಕಚ್ಚಲು ಮನಸ್ಸಿಲ್ಲದ ಮೀನಿಗೆ ಇದು ಏನೂ ಹೇಳುವುದಿಲ್ಲ. ದೋಣಿವರೆಗೂ ಹಿಂದೆ ಹಿಂದೆ ಬಂದು, ಮುಖ ನೋಡಿ ವಾಪಸ್ ಹೋಗುವ ಮಸ್ಕಿಗಳು ಈ ಓಟದಲ್ಲೇ ಜಾಸ್ತಿ. ಮನೆ ನೋಡಲು ಬಂದು ಕಾಫಿ ಕುಡಿದು ಹೋಗುವ ಬಾಡಿಗೆದಾರರ ಥರ. ಇನ್ನೊಂದು ತೊಂದರೆ ಬಾಲದ್ದು. ಬಿಲ್ಲೆಯ ಕುತ್ತಿಗೆ ತೆಳ್ಳಗಿರುತ್ತದೆ, ಪೈಕ್ ಮೀನೊಂದು ಒಮ್ಮೆ ಕಡಿದರೆ ಆ ಲೂರ್ ಕತೆ ಮುಗಿಯಿತು.

ಜೋರಾಗಿ ಕೀಳುವುದು

ಮೆಡೂಸಾಗೆ ಮೂರು ಬಾಲ. ಜುಲೈ ಕೊನೆ, ಆಗಸ್ಟ್. ನೀರು ಬೆಚ್ಚಗಿದೆ, ಮೀನಿಗೆ ಮೈತುಂಬ ಶಕ್ತಿ ಇದೆ. ಆಗ ಮೆತ್ತಗೆ ಎಳೆಯುವುದಲ್ಲ, ಕಿತ್ತು ಎಳೆಯುವುದು. ಎಳೆತ, ತಕ್ಷಣ ಎಳೆತ, ಅರೆಕ್ಷಣ ಬಿಡುವು, ಮತ್ತೆ ಎಳೆತ. ಯೋಚನೆ ಮಾಡಲು ಮೀನಿಗೆ ಪುರುಸೊತ್ತು ಕೊಡಬಾರದು.

ನೋಡಲು ಇದರಷ್ಟು ಮಜಾ ಬೇರೆ ಇಲ್ಲ. ಮೈಗೆ ಇದರಷ್ಟು ಶಿಕ್ಷೆಯೂ ಇಲ್ಲ. ಆ ಮೂರು ಬಾಲ ನೀರನ್ನು ಹಿಡಿದುಕೊಳ್ಳುತ್ತದೆ. ಅರ್ಧ ಗಂಟೆಯಲ್ಲಿ ಮೊಣಕೈ ಮಾತಾಡತೊಡಗುತ್ತದೆ. ನಾನು ಇಡೀ ದಿನ ಇದನ್ನು ಎಸೆಯುವುದಿಲ್ಲ. ಸೂರ್ಯ ಮುಳುಗುವ ಮುಂಚಿನ ಒಂದು ಗಂಟೆಗೆ ಇಟ್ಟುಕೊಳ್ಳುತ್ತೇನೆ. ಅಕ್ಟೋಬರ್ ಬಂದ ಮೇಲೆ ಇದೇ ಲೂರನ್ನು ನಿಧಾನವಾಗಿ ಎಳೆದು ಬಿಟ್ಟರೂ ಚೆನ್ನಾಗಿ ಕೆಲಸ ಮಾಡುತ್ತದೆ.

ಒಂದು ಮಾತು ಇಲ್ಲೇ ಹೇಳಬೇಕು. ಮೇಲಿನ ನೀರು 80 ಡಿಗ್ರಿ ಫ್ಯಾರನ್‌ಹೀಟ್ ಹತ್ತಿರ ಬಂದರೆ ಮಸ್ಕಿಗೆ ಗಾಳ ಹಾಕುವುದನ್ನೇ ನಿಲ್ಲಿಸಿ. ಬಿಸಿ ನೀರಿನಲ್ಲಿ ಒದ್ದಾಡಿ ಸುಸ್ತಾದ ಮೀನು ನಿಮ್ಮ ಕೈಯಿಂದ ಈಜಿಕೊಂಡು ಹೋದರೂ ಆಮೇಲೆ ಸಾಯಬಹುದು. ಅಂಥ ವಾರ ಬಾಸ್ ಮೀನು ಹಿಡಿಯಿರಿ.

ಟ್ಯೂಬ್

ರೆಡ್ ಅಕ್ಟೋಬರ್ ಥರದ ದೊಡ್ಡ ಟ್ಯೂಬುಗಳ ಮೈ ಟೊಳ್ಳು, ಬಾಲ ಪೊರಕೆ ಕಡ್ಡಿಯ ಹಾಗೆ ಸೀಳಿದ್ದು. ಎಳೆದಾಗ ಯಾವ ಕಡೆ ಹೋಗುತ್ತದೆ ಅಂತ ಹೇಳುವ ಹಾಗಿಲ್ಲ, ಅದೇ ಅದರ ಗುಣ. ನೀರು ಹಿಡಿಯುವುದು ಕಡಿಮೆ, ಹಾಗಾಗಿ ಎಳೆಯುವುದೂ ಹಗುರ. ಎಲ್ಲರೂ ಬುಲ್ ಡಾಗ್ ಎಸೆದೂ ಎಸೆದೂ ಮೀನು ಬೇಸತ್ತ ಕೆರೆಗಳಲ್ಲಿ ನನಗೆ ಇದು ಇಷ್ಟ. ಹೊಸಬರಿಗೆ ಹೇಳುವುದಿಲ್ಲ. ನೀವು ಜೀವ ತುಂಬದಿದ್ದರೆ ಅದು ಬರೀ ಕೊಳವೆ.

ನೆಟ್ಟಗೆ ಇಳಿಬಿಡುವುದು

ಇದರಲ್ಲಿ ಎಸೆಯುವುದೇ ಇಲ್ಲ. ಬಾಂಡಿ ಬೇಟ್ ಹುಟ್ಟಿದ್ದು ಡೆಟ್ರಾಯಿಟ್ ನದಿ, ಲೇಕ್ ಸೇಂಟ್ ಕ್ಲೇರ್ ಕಡೆ. ಭಾರವಾದ ರಬ್ಬರ್ ಮೈ, ಅದರ ಕೆಳಗೆ ತಿರುಗುವ ಲೋಹದ ಎಲೆ. ದೋಣಿ ನದಿಯ ಹರಿವಿನಲ್ಲಿ ತೇಲಿಕೊಂಡು ಹೋಗುತ್ತದೆ. ಲೂರನ್ನು ದೋಣಿಯ ಪಕ್ಕದಲ್ಲೇ ತಳದವರೆಗೆ ಬಿಟ್ಟು, ಸ್ವಲ್ಪ ಮೇಲೆತ್ತಿಕೊಳ್ಳಿ. ಆಮೇಲೆ ರಾಡನ್ನು ಒಂದೆರಡು ಅಡಿ ಮೇಲಕ್ಕೆ ಎತ್ತುವುದು, ದಾರದ ಜೊತೆಜೊತೆಗೇ ತುದಿಯನ್ನು ಇಳಿಸುವುದು. ಬಾವಿಯಲ್ಲಿ ಬಿದ್ದ ಬಿಂದಿಗೆಗೆ ಪಾತಾಳಗರಡಿ ಆಡಿಸಿದ ನೆನಪಿದ್ದವರಿಗೆ ಕೈ ಬೇಗ ಕೂರುತ್ತದೆ.

ಅಕ್ಟೋಬರ್, ನವೆಂಬರ್‌ನಲ್ಲಿ, ಮೀನು ಆಳಕ್ಕೆ ಇಳಿದು ಒಂದೇ ಕಡೆ ಗುಂಪಾದಾಗ ಇದಕ್ಕೆ ಸಮ ಬೇರೆ ಇಲ್ಲ. ಭುಜಕ್ಕೆ ನೆಮ್ಮದಿ. ಚಿಕ್ಕ ರಾಡ್ ಸಾಕು. ಆದರೆ ದೋಣಿ ಇರಲೇಬೇಕು, ತಳ ತೋರಿಸುವ ಸೋನಾರ್ ಬೇಕು, ಹರಿವಿನ ಮೇಲೆ ದೋಣಿಯನ್ನು ನೆಟ್ಟಗೆ ಇಟ್ಟುಕೊಳ್ಳುವ ಮೋಟರ್ ಬೇಕು. ಅಂದರೆ ಲೂರ್ ಅಗ್ಗ, ಅದನ್ನು ಬಿಡುವ ಜಾಗ ದುಬಾರಿ. ದಡದಿಂದ ಹಿಡಿಯುವವರು, ಕಯಾಕ್‌ನವರು ಮುಂದಿನ ಪ್ಯಾರಾಗೆ ಹೋಗಿ.

ದೊಡ್ಡದು ಕೊಂಡರೆ ದೊಡ್ಡದು ಸಿಗುತ್ತದಾ?

ಎಲ್ಲರಿಗೂ ಪೌಂಡರ್ ಮೇಲೆ ಕಣ್ಣು. ಬುಲ್ ಡಾಗ್‌ನ ದೊಡ್ಡಣ್ಣ, ಉದ್ದ 16 ಇಂಚು, ತೂಕ ಹೆಸರೇ ಹೇಳುವ ಹಾಗೆ ಒಂದು ಪೌಂಡ್. ಅರ್ಧ ಕೇಜಿ ಟೊಮೆಟೊವನ್ನು ದಾರಕ್ಕೆ ಕಟ್ಟಿ ಎಸೆದ ಹಾಗೆ. ಹೌದು, ಅಕ್ಟೋಬರ್ ಕೊನೆಗೆ ಟಲಿಬೀ ಮೀನುಗಳು ಮೊಟ್ಟೆ ಇಡಲು ಕಲ್ಲಿನ ದಿಬ್ಬಗಳಿಗೆ ಬಂದಾಗ, ಅವನ್ನು ತಿನ್ನಲು ಬರುವ ದಪ್ಪ ಹೆಣ್ಣು ಮಸ್ಕಿಗಳು ಇದನ್ನು ಹೊಡೆಯುತ್ತವೆ. ನಾನೂ ಒಂದು ಫೋಟೊ ನೋಡಿ ಮರುಳಾಗಿ ಕೊಂಡೆ. ಬೆಳಿಗ್ಗೆ ಏಳಕ್ಕೆ ಶುರು ಮಾಡಿದೆ. ಒಂಬತ್ತೂವರೆಗೆ ಎಳೆತ ಅರ್ಧಕ್ಕೆ ಇಳಿಯಿತು. ಹನ್ನೊಂದಕ್ಕೆ ನಾನು ಅದನ್ನು ಓಡಿಸುತ್ತಿರಲಿಲ್ಲ, ಸುಮ್ನೆ ವಾಪಸ್ ತರುತ್ತಿದ್ದೆ. ಉಳಿದ ದಿನ ಅದು ದೋಣಿಯ ತಳದಲ್ಲಿ ಮಲಗಿತ್ತು.

ಅದಕ್ಕೇ ನನ್ನ ಲೆಕ್ಕ ಇಷ್ಟು. ದಿನದ ಕೊನೆಯ ಎಸೆತವನ್ನೂ ಮೊದಲನೆಯದರ ಹಾಗೇ ಓಡಿಸಬಲ್ಲ ಸೈಜು ಯಾವುದೋ ಅದೇ ನಿಮ್ಮ ಸೈಜು. ಬಹಳ ಜನರಿಗೆ ಅದು ಸಾಮಾನ್ಯ ಡಾಗ್. ಜಿಮ್‌ಗೆ ಹೋಗುವವರಿಗೆ, ಒಳ್ಳೆ ರಾಡ್ ಇರುವವರಿಗೆ 12 ಇಂಚಿನ ಮ್ಯಾಗ್ನಮ್.

ರಾಡ್ ಮಾತು ಬಂತು. ಸಾಮಾನ್ಯ ಡಾಗ್‌ಗೆ ಎಂಟೂವರೆಯಿಂದ ಒಂಬತ್ತು ಅಡಿಯ ಹೆವಿ ರಾಡ್ ಸಾಕು. ಮ್ಯಾಗ್ನಮ್‌ಗೆ ಎಕ್ಸ್‌ಟ್ರಾ ಹೆವಿ. ಪೌಂಡರ್‌ಗೆ ಅದಕ್ಕಿಂತ ಗಟ್ಟಿ, ಬೇರೆಯದೇ ರಾಡ್, ದೊಡ್ಡ ರೀಲ್. ಹೊಸದಾಗಿ ರಾಡ್, ರೀಲ್ ಎರಡೂ ಕೊಳ್ಳುವವರು 300 ಡಾಲರ್‌ಗೆ ಕಡಿಮೆ ಲೆಕ್ಕ ಹಾಕಬೇಡಿ. ದಾರ 80 ಅಥವಾ 100 ಪೌಂಡ್ ಭಾರ ತಡೆಯುವ ಹೆಣೆದದ್ದು. ತುದಿಗೆ 100 ಪೌಂಡಿಗಿಂತ ಗಟ್ಟಿಯಾದ ಫ್ಲೋರೋಕಾರ್ಬನ್ ಅಥವಾ ತಂತಿಯ ಲೀಡರ್, ಅಂದರೆ ಮೀನಿನ ಹಲ್ಲಿಗೆ ಸುಲಭವಾಗಿ ಕಡಿಯದ ತುಂಡು ದಾರ. ತೆಳ್ಳನೆ ದಾರಕ್ಕೆ ಭಾರದ ಲೂರ್ ಕಟ್ಟಿದರೆ ರೀಲಿನಲ್ಲಿ ಗಂಟು ಬಿದ್ದ ಕ್ಷಣ ಠಪ್. ಇಪ್ಪತ್ತು ಡಾಲರ್ ಆಕಾಶದಲ್ಲಿ ಹಾರಿಹೋಗುವುದನ್ನು ನೋಡಿಕೊಂಡು ನಿಲ್ಲಬೇಕು.

ದೋಣಿಯ ಪಕ್ಕ

ಯಾವ ಓಟ ಆರಿಸಿದರೂ, ಎಸೆದ ಪ್ರತಿ ಸಲ ಕೊನೆಗೆ ರಾಡನ್ನು ನೀರೊಳಗೆ ಚುಚ್ಚಿ ಲೂರಿನಿಂದ ದೊಡ್ಡ ಎಂಟು ಬರೆಯಬೇಕು. ಕನ್ನಡದ ೮ ಅಲ್ಲ, ಇಂಗ್ಲಿಷಿನ 8. ಹಿಂದೆ ಬಂದ ಮಸ್ಕಿ ಕಚ್ಚುವುದು ಆ ತಿರುವಿನಲ್ಲಿ. ಇಲ್ಲಿ ರಬ್ಬರಿಗೆ ಒಂದು ಕೊರತೆ ಇದೆ. ಲೋಹದ ಎಲೆ, ಕೂದಲಿನ ಬಾಲ ಇರುವ ಬಕ್‌ಟೇಲ್ ಲೂರ್ ಥರ ಪುಟ್ಟ ಜಾಗದಲ್ಲಿ ಹೊಳೆದು ತಿರುಗುವುದಿಲ್ಲ, ಭಾರಕ್ಕೆ ತೋಳು ಜಗ್ಗುತ್ತದೆ. ಪ್ಯಾಡಲ್ ಬಾಲದ್ದು ಪರವಾಗಿಲ್ಲ. ಡಾಗ್ ಆದರೆ ತಿರುವನ್ನು ಅಗಲ ಮಾಡಿ, ತಿರುವಿನಲ್ಲಿ ಒಂದು ಕ್ಷಣ ಬೀಳಲು ಬಿಡಿ. ಪೌಂಡರ್‌ನಲ್ಲಿ ಎಂಟು ಬರೆಯುವವರಿಗೆ ನನ್ನ ನಮಸ್ಕಾರ.

ಬಾಳಿಕೆ ಮತ್ತು ರಿಪೇರಿ

ಮರದ ಲೂರ್ ವರ್ಷಗಟ್ಟಲೆ ಬರುತ್ತದೆ, ರಬ್ಬರ್ ಹರಿಯುತ್ತದೆ. ನಾಲ್ಕು ಪೈಕ್ ಕಚ್ಚಿದರೆ ಹೊಟ್ಟೆ ಕಿತ್ತು ಒಳಗಿನ ಕಂಬಿ ಕಾಣುತ್ತದೆ. ಬಿಸಾಡಬೇಡಿ. ಹಳೆ ಚಾಕು ಕಾಯಿಸಿ, ಸೀಳಿನ ಎರಡೂ ಅಂಚಿಗೆ ಒಟ್ಟಿಗೆ ತಾಕಿಸಿ. ಕರಗಿ ಮಿಂಚಿದ ತಕ್ಷಣ ಚಾಕು ತೆಗೆದು, ಅಂಚುಗಳನ್ನು ಒತ್ತಿ ಅರ್ಧ ನಿಮಿಷ ಹಿಡಿದುಕೊಳ್ಳಿ. ಒಗ್ಗರಣೆ ಸೀದ ಹಾಗೆ ಬೇಗ ಕಪ್ಪಾಗುತ್ತದೆ, ಕೈ ಚುರುಕಿರಲಿ. ನಾನು ಮೊದಲ ಸಲ ಇದನ್ನು ಅಡುಗೆಮನೆಯ ಗ್ಯಾಸ್ ಮೇಲೆ ಮಾಡಿದೆ. ಆ ಹೊಗೆ ಒಳ್ಳೆಯದಲ್ಲ, ವಾಸನೆ ಎರಡು ದಿನ ಹೋಗಲಿಲ್ಲ. ಅವತ್ತಿನಿಂದ ನನ್ನ ಕಾರ್ಖಾನೆ ಗ್ಯಾರೇಜಿನಲ್ಲಿ, ಬಾಗಿಲು ತೆಗೆದುಕೊಂಡು, ಸಾಲ್ಡರಿಂಗ್ ಐರನ್ ಜೊತೆ.

ಇಡುವುದರಲ್ಲೂ ಹುಷಾರು. ಒಂದು ಜುಲೈನಲ್ಲಿ ಎರಡು ರಬ್ಬರನ್ನು ಬಣ್ಣ ಹಚ್ಚಿದ ಗಟ್ಟಿ ಲೂರಿನ ಜೊತೆ ಡಬ್ಬಿಯಲ್ಲಿಟ್ಟು ಕಾರಿನಲ್ಲೇ ಮರೆತೆ. ವಾರ ಬಿಟ್ಟು ತೆಗೆದರೆ ಬಣ್ಣ, ಡಬ್ಬಿಯ ತಳ, ರಬ್ಬರ್ ಎಲ್ಲ ಸೇರಿ ಒಂದೇ ಹಲ್ವ. ರಬ್ಬರನ್ನು ಮೆತ್ತಗಿಡಲು ಹಾಕುವ ಎಣ್ಣೆಯಂಥದ್ದು ಬೇರೆ ಪ್ಲಾಸ್ಟಿಕ್ಕನ್ನು, ಬಣ್ಣವನ್ನು ಕರಗಿಸುತ್ತದೆ. ಒಂದೊಂದನ್ನೂ ಬಾಲ ಮಡಚದ ಹಾಗೆ ನೇತುಹಾಕಿ. ಮಡಚಿದ ಬಾಲ ಹಾಗೇ ನಿಂತುಬಿಟ್ಟರೆ ಲೂರ್ ಸೊಟ್ಟ ಓಡುತ್ತದೆ.

ಯಾರಿಗೆ ಯಾವುದು

ವರ್ಷಕ್ಕೆ ನಾಲ್ಕು ಶನಿವಾರ ಸಿಗುವ, ಸ್ನೇಹಿತರ ದೋಣಿಯಲ್ಲಿ ಹೋಗುವವರಿಗೆ: ಎರಡೇ ರಬ್ಬರ್. ಸಾಮಾನ್ಯ ಬುಲ್ ಡಾಗ್ ಒಂದು, ಅದೇ ತೂಕದ ಪ್ಯಾಡಲ್ ಬಾಲದ್ದು ಒಂದು. ಒಂದೇ ರಾಡ್ ಎರಡಕ್ಕೂ ಸಾಕು. ಬೆಳಿಗ್ಗೆ ಡಾಗ್ ಎಳೆದು ಬಿಡಿ, ಕೈ ಸೋತಾಗ ಪ್ಯಾಡಲ್ ಸುತ್ತಿ. ಬಣ್ಣದ ಬಗ್ಗೆ ತಲೆ ಕೆಡಿಸಿಕೊಳ್ಳಬೇಡಿ. ಒಂದು ಕಪ್ಪು, ಒಂದು ಬಿಳಿ ಸಾಕು.

ದಡದಿಂದ, ಕಯಾಕ್‌ನಿಂದ ಹಿಡಿಯುವವರಿಗೆ ಶ್ಯಾಲೋ ಡಾಗ್. ನಿಧಾನವಾಗಿ ಮುಳುಗುವುದರಿಂದ ಗಿಡದ ಮೇಲೆ ಬಿಡಲು ಸಮಯ ಸಿಗುತ್ತದೆ. ಮಿನ್ನೆಟೊಂಕದಂಥ ಊರ ಪಕ್ಕದ, ದೋಣಿ ಓಡಾಟ ಜಾಸ್ತಿ ಇರುವ ಕೆರೆಗೆ ಹೋಗುವವರು, ಎರಡು ಮೂರು ಸೀಸನ್ ಅನುಭವ ಇದ್ದರೆ, ಟ್ಯೂಬ್ ಒಂದನ್ನು ಸೇರಿಸಿಕೊಳ್ಳಿ. ಡೆಟ್ರಾಯಿಟ್ ಕಡೆ ಇದ್ದು ದೋಣಿಯೂ ಇದ್ದರೆ ನೀವು ನನ್ನ ಮಾತು ಕೇಳಬೇಕಾಗಿಲ್ಲ, ಬಾಂಡಿ ಆಗಲೇ ನಿಮ್ಮ ಡಬ್ಬಿಯಲ್ಲಿ ಇರುತ್ತದೆ. ಭುಜದ ನೋವು ಇರುವವರು, ಐವತ್ತು ದಾಟಿದವರು ಪ್ಯಾಡಲ್‌ನಿಂದ ಶುರು ಮಾಡಿ. ಮೆಡೂಸಾ ಮತ್ತು ಪೌಂಡರ್ ಆಸೆಗೆ, ಅಗತ್ಯಕ್ಕಲ್ಲ.

ಬಜೆಟ್ ಬಿಗಿ ಇದ್ದರೆ ಮೂರನೇ ರಬ್ಬರ್ ಬಿಡಿ, ಆ ದುಡ್ಡಿಗೆ ಉದ್ದ ಮೂತಿಯ ಇಕ್ಕಳ ಮತ್ತು ಕೊಕ್ಕೆ ಕತ್ತರಿಸುವ ಕಟರ್ ತಗೊಳ್ಳಿ. ದೊಡ್ಡ ಬಲೆಯನ್ನು ಸ್ನೇಹಿತರಿಂದ ಕೇಳಿ ಪಡೆದರೂ ನಡೆಯುತ್ತದೆ. ಮಿನ್ನೆಸೋಟದ ಬಹುತೇಕ ಕೆರೆಗಳಲ್ಲಿ 54 ಇಂಚಿಗಿಂತ ಚಿಕ್ಕ ಮಸ್ಕಿಯನ್ನು ಇಟ್ಟುಕೊಳ್ಳುವ ಹಾಗೇ ಇಲ್ಲ, ಜೀವಂತ ವಾಪಸ್ ಬಿಡಬೇಕು. ಮೂರು ಮುಳ್ಳಿನ ಕೊಕ್ಕೆ ಕಿವಿರಿನ ಹತ್ತಿರ ಸಿಕ್ಕಿಕೊಂಡಾಗ ಕೀಳಲು ಹೋಗಬೇಡಿ. ಮೀನು ನೀರಿನಲ್ಲೇ, ಬಲೆಯೊಳಗೇ ಇರಲಿ. ಕಟರ್‌ನಿಂದ ಕೊಕ್ಕೆಯನ್ನು ಕಟ್ ಮಾಡಿ. ಕೊಕ್ಕೆ ಎರಡು ಮೂರು ಡಾಲರ್, ಸಂಜೆ ಮನೆಗೆ ಬಂದು ಹೊಸದು ಸಿಕ್ಕಿಸಿಕೊಂಡರಾಯಿತು.